ವರ್ಡ್ ಫೈಲಿನಲ್ಲಿ ಅಳಿಸಿದರೂ ಹೋಗದ ಪುಟಗಳು

ಬರಹಪೆಟ್ಟಿಗೆ

ಒಂದು ವರದಿ ಇದೆ. ವರ್ಡ್ ಫೈಲು, ಎ4 ಅಳತೆ, ಕೊನೆಯ ಪುಟದ ಸಂಖ್ಯೆ 84. ಪ್ರತಿ ಅಧ್ಯಾಯವೂ ಬೇರೆ ಸೆಕ್ಷನ್, ಅಂದರೆ ತನ್ನದೇ ಪುಟವಿನ್ಯಾಸ ಇಟ್ಟುಕೊಳ್ಳಬಲ್ಲ ಭಾಗ. 18 ಮತ್ತು 19ನೇ ಪುಟಗಳು ಮಾತ್ರ ಅಡ್ಡ, ಅಲ್ಲಿ ಅಗಲವಾದ ಟೇಬಲ್ ಇದೆ. ತೊಂದರೆ ನಾಲ್ಕು ಕಡೆ:

17ನೇ ಪುಟ ಪೂರ್ತಿ ಖಾಲಿ. ಅಲ್ಲಿರುವುದನ್ನು ಅಳಿಸಿದರೆ ಪುಟವೇನೋ ಹೋಗುತ್ತದೆ, ಆದರೆ ಅದರ ಹಿಂದಿನ 16 ಪುಟಗಳೂ ಅಡ್ಡ ಆಗಿಬಿಡುತ್ತವೆ.

ಫುಟರ್‌ನಲ್ಲಿ 41 ಆದಮೇಲೆ ನೇರ 43 ಬರುತ್ತದೆ, 51 ಆದಮೇಲೆ 53. ತೆರೆಯ ಮೇಲೆ ನಡುವೆ ಏನೂ ಕಾಣುವುದಿಲ್ಲ. ಪಿಡಿಎಫ್ ಮಾಡಿದರೆ ಎರಡೂ ಕಡೆ ಬಿಳಿ ಪುಟ.

83ನೇ ಪುಟದ ಕೊನೆಯಲ್ಲಿ ಟೇಬಲ್ ಮುಗಿಯುತ್ತದೆ. 84ರಲ್ಲಿ ಕರ್ಸರ್ ಮಿನುಗುತ್ತದೆ, ಬೇರೇನೂ ಇಲ್ಲ. ಡಿಲೀಟ್, ಬ್ಯಾಕ್‌ಸ್ಪೇಸ್ ಯಾವುದಕ್ಕೂ ಬಗ್ಗುವುದಿಲ್ಲ.

53ರಿಂದ 58ರವರೆಗಿನ ಅಧ್ಯಾಯ ಈಗ ಬೇಡ. ಆರು ಪುಟಗಳನ್ನು ಒಂದೇ ಸಲಕ್ಕೆ ತೆಗೆಯಬೇಕು, ಉಳಿದದ್ದು ಅಲುಗಬಾರದು.

ಹಾಳೆಬಂಧು

ನಾಲ್ಕಕ್ಕೂ ಕಾರಣ ಬೇರೆ ಬೇರೆ. ಮೊದಲು ಒಂದು ಮಾತು. ವರ್ಡ್‌ನಲ್ಲಿ ಪುಟ ಎಂಬುದು ಹಿಡಿದು ಎತ್ತಿ ಹಾಕುವಂಥ ವಸ್ತುವಲ್ಲ. ಬರಹ ಹರಿಯುತ್ತಾ ಹೋಗಿ ಕಾಗದದ ಅಳತೆ ಮುಗಿದಲ್ಲಿ ಮುಂದಿನ ಪುಟ ಹುಟ್ಟುತ್ತದೆ. ಅದಕ್ಕೇ ‘ಪುಟ ಅಳಿಸು’ ಎಂಬ ಬಟನ್ ಎಲ್ಲೂ ಇಲ್ಲ. ನ್ಯಾವಿಗೇಶನ್ ಪೇನ್‌ನ ಪೇಜಸ್ ಟ್ಯಾಬ್‌ನಲ್ಲಿ ಕಾಣುವ ಪುಟ್ಟ ಚಿತ್ರಗಳನ್ನು ಆರಿಸಿ ಡಿಲೀಟ್ ಒತ್ತಿದರೂ ಪುಟ ಹೋಗುವುದಿಲ್ಲ. ಖಾಲಿ ಪುಟ ಕಂಡರೆ ಕೇಳಬೇಕಾದದ್ದು ಒಂದೇ: ಇದನ್ನು ಯಾವುದು ತಳ್ಳುತ್ತಿದೆ?

ತಳ್ಳುವುದನ್ನು ನೋಡಲು ಕಂಟ್ರೋಲ್ + ಶಿಫ್ಟ್ + 8 ಒತ್ತಿ. ಮ್ಯಾಕ್ ಆದರೆ ಕಮಾಂಡ್ + 8. ಹೋಮ್ ಟ್ಯಾಬ್‌ನ ¶ ಬಟನ್ ಮಾಡುವುದೂ ಇದನ್ನೇ. ಈಗ ಎಂಟರ್ ಒತ್ತಿದ ಪ್ರತಿ ಜಾಗದಲ್ಲೂ ¶ ಕಾಣುತ್ತದೆ. ಹೊಸ ಪುಟ ತೆರೆಯುವ ಪೇಜ್ ಬ್ರೇಕ್ ಒಂದು ಸಾಲು ಚುಕ್ಕೆಗಳಾಗಿ, ಒಂದು ಸೆಕ್ಷನ್ ಮುಗಿಸಿ ಇನ್ನೊಂದನ್ನು ಶುರುಮಾಡುವ ಸೆಕ್ಷನ್ ಬ್ರೇಕ್ ಎರಡು ಸಾಲು ಚುಕ್ಕೆಗಳಾಗಿ, ನಡುವೆ ತಮ್ಮ ಹೆಸರು ಹೊತ್ತು ಕಾಣುತ್ತವೆ.

ಒಂದು ಸೂಕ್ಷ್ಮ: ಸೆಕ್ಷನ್ ಬ್ರೇಕ್ ಉದ್ದ ಸಾಲಿನ ಕೊನೆಗೆ ಅಂಟಿಕೊಂಡಿದ್ದರೆ ಚುಕ್ಕೆಗೆರೆಗೆ ಜಾಗ ಸಿಗದೆ ಅದು ಕಣ್ಣಿಗೆ ಬೀಳುವುದಿಲ್ಲ. ಆಗ ವ್ಯೂ ಟ್ಯಾಬ್‌ನಲ್ಲಿ ಡ್ರಾಫ್ಟ್ ಆರಿಸಿ. ಕೀಲಿಯಲ್ಲಿ ಆಲ್ಟ್ + ಕಂಟ್ರೋಲ್ + ಎನ್. ಅಲ್ಲಿ ಎಲ್ಲ ಬ್ರೇಕ್‌ಗಳೂ ಪುಟದ ಅಗಲಕ್ಕೆ ಕಾಣುತ್ತವೆ. ಹಿಂದಿರುಗಲು ಆಲ್ಟ್ + ಕಂಟ್ರೋಲ್ + ಪಿ. ಕೆಳಗಿನ ಸ್ಟೇಟಸ್ ಬಾರ್ ಮೇಲೆ ಬಲ ಕ್ಲಿಕ್ ಮಾಡಿ ‘ಸೆಕ್ಷನ್’ ಎಂಬುದಕ್ಕೆ ಟಿಕ್ ಹಾಕಿಡಿ, ಕರ್ಸರ್ ಯಾವ ಸೆಕ್ಷನ್‌ನಲ್ಲಿದೆ ಎಂಬುದು ಸದಾ ಕಾಣುತ್ತಿರುತ್ತದೆ. ನಿಮ್ಮ ಫೈಲಿಗೆ ಇದು ಬೇಕೇ ಬೇಕು.

ಗುರುತುಗಳನ್ನು ತೋರಿಸಿ 16ನೇ ಪುಟದ ಕೊನೆಯಲ್ಲೂ 17ನೇ ಪುಟದಲ್ಲೂ ಏನಿದೆ ಹೇಳಿ.

ಬರಹಪೆಟ್ಟಿಗೆ

16ರ ಕೊನೆಯಲ್ಲಿ ಪೇಜ್ ಬ್ರೇಕ್. 17ರ ತಲೆಯಲ್ಲಿ ಸೆಕ್ಷನ್ ಬ್ರೇಕ್, ನೆಕ್ಸ್ಟ್ ಪೇಜ್ ಬಗೆಯದು. ಬೇರೇನೂ ಇಲ್ಲ.

ಕೀಲಿಮಣೆ

ಹಾಗಾದರೆ ಸಿಕ್ಕಿತು. ಎರಡು ಬ್ರೇಕ್ ಒಂದರ ಬೆನ್ನಿಗೊಂದು ಬಿದ್ದಿವೆ. ಪೇಜ್ ಬ್ರೇಕ್ 17ನೇ ಪುಟಕ್ಕೆ ಒಯ್ಯುತ್ತದೆ. ಅಲ್ಲಿ ಕಾದಿರುವ ಸೆಕ್ಷನ್ ಬ್ರೇಕ್ ತಕ್ಷಣ 18ಕ್ಕೆ ತಳ್ಳುತ್ತದೆ. ನೆಕ್ಸ್ಟ್ ಪೇಜ್ ಬಗೆಯ ಸೆಕ್ಷನ್ ಬ್ರೇಕ್ ತಾನೇ ಹೊಸ ಪುಟ ಕೊಡುವುದರಿಂದ ಅದರ ಮುಂದೆ ಪೇಜ್ ಬ್ರೇಕ್ ಬೇಕೇ ಇಲ್ಲ. ಮಧ್ಯದ ಖಾಲಿ ಪುಟಗಳಲ್ಲಿ ಹೆಚ್ಚಾಗಿ ಕಾಣುವ ಕಾರಣ ಇದೇ.

ನೀವು ಅಳಿಸುತ್ತಿದ್ದುದು 17ರಲ್ಲಿ ಕಾಣುವ ಸೆಕ್ಷನ್ ಬ್ರೇಕನ್ನು. ಅಳಿಸಬೇಕಾದದ್ದು 16ರ ಪೇಜ್ ಬ್ರೇಕನ್ನು. 16ನೇ ಪುಟದಲ್ಲಿ ಆ ಚುಕ್ಕೆಗೆರೆಯ ಎಡತುದಿಗೆ ಕರ್ಸರ್ ಇಟ್ಟು ಒಮ್ಮೆ ಡಿಲೀಟ್ ಒತ್ತಿ. ಸೆಕ್ಷನ್ ಬ್ರೇಕ್ ಮೇಲೆ ಬಂದು 16ರ ಕೊನೆಯಲ್ಲಿ ಕೂರುತ್ತದೆ, ಅಡ್ಡ ಟೇಬಲ್ ಇದ್ದ ಹಾಗೇ ಉಳಿಯುತ್ತದೆ. ಎರಡು ಬ್ರೇಕ್‌ಗಳ ನಡುವೆ ಖಾಲಿ ¶ ಏನಾದರೂ ಇದ್ದರೆ ಅದನ್ನೂ ತೆಗೆಯಿರಿ.

ಬರಹಪೆಟ್ಟಿಗೆ

17 ಹೋಯಿತು, ಅಡ್ಡ ಪುಟಗಳು ಭದ್ರವಾಗಿವೆ. ಆದರೆ ಸೆಕ್ಷನ್ ಬ್ರೇಕ್ ಅಳಿಸಿದಾಗ ಮುಂದಿನದು ಬಿಟ್ಟು ಹಿಂದಿನ 16 ಪುಟ ಅಡ್ಡವಾದದ್ದು ಯಾಕೆ?

ಹಾಳೆಬಂಧು

ಕಾಗದದ ಅಳತೆ, ಅಡ್ಡವೋ ಉದ್ದವೋ, ಮಾರ್ಜಿನ್, ಹೆಡರ್, ಫುಟರ್, ಕಾಲಂ, ಪುಟಸಂಖ್ಯೆಯ ಬಗೆ ಇವೆಲ್ಲವನ್ನೂ ವರ್ಡ್ ಒಂದು ಸೆಕ್ಷನ್‌ನ ತಲೆಯಲ್ಲಿ ಇಡುವುದಿಲ್ಲ. ಅದು ಮುಗಿಯುವ ಜಾಗದಲ್ಲಿರುವ ಬ್ರೇಕ್‌ನೊಳಗೆ ಇಡುತ್ತದೆ. ಆ ಬ್ರೇಕ್ ಅಳಿಸಿದರೆ ಅದರ ಮೇಲಿನ ಬರಹ ತನ್ನ ಗುಣ ಕಳೆದುಕೊಂಡು ಕೆಳಗಿನ ಸೆಕ್ಷನ್‌ಗೆ ಸೇರಿ ಅದರ ಗುಣವನ್ನೇ ತಾಳುತ್ತದೆ. 16 ಪುಟಗಳ ಉದ್ದ ರೂಪ ಆ ಬ್ರೇಕ್‌ನಲ್ಲಿತ್ತು, ಅದು ಹೋದಮೇಲೆ ಅಡ್ಡ ಸೆಕ್ಷನ್‌ಗೆ ಸೇರಿಕೊಂಡವು. ಡಾಕ್ಯುಮೆಂಟ್‌ನ ಕೊನೆಯ ಸೆಕ್ಷನ್‌ಗೆ ಮಾತ್ರ ಬ್ರೇಕ್ ಇರುವುದಿಲ್ಲ. ಅದರ ಗುಣ ಫೈಲಿನ ತುದಿಯಲ್ಲೇ ಇರುತ್ತದೆ.

ಹಾಗಾಗಿ ಸೆಕ್ಷನ್ ಬ್ರೇಕ್ ತೆಗೆಯಲೇಬೇಕಾದರೆ ಮೊದಲು ಕೆಳಗಿನ ಸೆಕ್ಷನನ್ನು ಮೇಲಿನದರಂತೆ ಮಾಡಿಕೊಳ್ಳಬೇಕು. ಕರ್ಸರ್ ಕೆಳಗಿನ ಸೆಕ್ಷನ್‌ನಲ್ಲಿಟ್ಟು, ಲೇಔಟ್ ಟ್ಯಾಬ್‌ನ ಪೇಜ್ ಸೆಟಪ್ ಗುಂಪಿನ ಮೂಲೆಯ ಪುಟ್ಟ ಬಾಣ ಒತ್ತಿ, ಮಾರ್ಜಿನ್, ಓರಿಯಂಟೇಶನ್, ಪೇಪರ್ ಮೂರನ್ನೂ ಮೇಲಿನದರ ಜೊತೆ ಸರಿಹೊಂದಿಸಿ. ಆಮೇಲೆ ಹೆಡರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಲಿಂಕ್ ಟು ಪ್ರೀವಿಯಸ್’ ಹಾಕಿ. ಫುಟರ್‌ಗೆ ಇದನ್ನು ಬೇರೆಯಾಗಿ ಹಾಕಬೇಕು, ಒಂದಕ್ಕೆ ಹಾಕಿದರೆ ಇನ್ನೊಂದಕ್ಕೆ ಬರುವುದಿಲ್ಲ. ಪುಟಸಂಖ್ಯೆಯ ಫಾರ್ಮ್ಯಾಟ್‌ನಲ್ಲಿ ‘ಕಂಟಿನ್ಯೂ ಫ್ರಂ ಪ್ರೀವಿಯಸ್ ಸೆಕ್ಷನ್’ ಇರಲಿ. ಇಷ್ಟಾದ ಮೇಲೆ ಬ್ರೇಕ್ ಅಳಿಸಿ.

ಎಷ್ಟೋ ಸಲ ಅಳಿಸುವ ಅಗತ್ಯವೇ ಇರುವುದಿಲ್ಲ. ಬ್ರೇಕ್‌ನ ಬಗೆಯನ್ನು ಕಂಟಿನ್ಯೂಯಸ್ (ಹೊಸ ಪುಟ ತೆರೆಯದೆ ಅಲ್ಲೇ ಮುಂದುವರಿಯುವ ಬಗೆ) ಮಾಡಿದರೆ ಖಾಲಿ ಪುಟ ಹೋಗುತ್ತದೆ, ಸೆಕ್ಷನ್ ಉಳಿಯುತ್ತದೆ. ಎರಡು ಸೆಕ್ಷನ್‌ಗಳ ಕಾಗದ ಅಥವಾ ಓರಿಯಂಟೇಶನ್ ಬೇರೆಯಾಗಿದ್ದರೆ ಮಾತ್ರ ಕಂಟಿನ್ಯೂಯಸ್ ಎಂದರೂ ಹೊಸ ಪುಟ ಬಂದೇ ಬರುತ್ತದೆ. ಒಂದೇ ಹಾಳೆ ಅರ್ಧ ಉದ್ದ, ಅರ್ಧ ಅಡ್ಡ ಆಗಲಾರದಷ್ಟೆ.

ಅಚ್ಚುಮೊಳೆ

41ರ ಬಳಿಕ 43ರ ವಿಷಯ. ಇದು ‘ಆಡ್ ಪೇಜ್’ (Odd Page, ಬೆಸ ಪುಟ) ಬಗೆಯ ಸೆಕ್ಷನ್. ಈ ಅಧ್ಯಾಯ ಬೆಸ ಸಂಖ್ಯೆಯ ಪುಟದಲ್ಲೇ ಶುರುವಾಗಬೇಕು ಎಂದು ಯಾರೋ ಹೇಳಿಟ್ಟಿದ್ದಾರೆ. ಹಿಂದಿನ ಅಧ್ಯಾಯ 41ರಲ್ಲಿ, ಅಂದರೆ ಬೆಸ ಪುಟದಲ್ಲೇ ಮುಗಿದಿದೆ. ಮುಂದಿನ ಬೆಸ 43. ನಡುವಿನ 42ನ್ನು ವರ್ಡ್ ತಾನೇ ಸೇರಿಸುತ್ತದೆ. ಪ್ರಿಂಟ್ ಲೇಔಟ್‌ನಲ್ಲಿ ತೋರಿಸುವುದಿಲ್ಲ, ಪ್ರಿಂಟ್‌ನಲ್ಲೂ ಪಿಡಿಎಫ್‌ನಲ್ಲೂ ಬರುತ್ತದೆ. ಹೆಡರ್, ಫುಟರ್, ಸಂಖ್ಯೆ ಯಾವುದೂ ಅದರ ಮೇಲಿರುವುದಿಲ್ಲ. ತೆರೆಯ ಮೇಲೆ ಇಲ್ಲದ ಪುಟ ಆದ್ದರಿಂದ ಅಲ್ಲಿ ಕರ್ಸರ್ ಇಡಲೂ ಆಗದು.

ತೆಗೆಯುವ ಮೊದಲು ನಿರ್ಧರಿಸಿ: ಇದು ಹಾಳೆಯ ಎರಡೂ ಮಗ್ಗುಲಿಗೆ ಅಚ್ಚಾಗಿ ಬೈಂಡ್ ಆಗುವ ಕೃತಿಯೇ? ಹಾಗಿದ್ದರೆ ಆ ಬಿಳಿ ಪುಟ ಬೇಡದ್ದಲ್ಲ. ಪುಸ್ತಕ ತೆರೆದಾಗ ಬೆಸ ಸಂಖ್ಯೆ ಬಲಕ್ಕೆ ಬರುತ್ತದೆ, ಅಧ್ಯಾಯ ಬಲಗಡೆ ಶುರುವಾಗಲಿ ಎಂಬುದಕ್ಕೇ ಆ ಏರ್ಪಾಡು. ಅಂಥ ಕೃತಿಯಿಂದ ಅದನ್ನು ಕಿತ್ತರೆ ಮುಂದಿನ ಅಧ್ಯಾಯ ಎಡಕ್ಕೆ ಜಾರುತ್ತದೆ. ತೆರೆಯ ಮೇಲೆ ಓದುವ ಪಿಡಿಎಫ್ ಮಾತ್ರ ಸಾಕಾದರೆ ಧಾರಾಳವಾಗಿ ತೆಗೆಯಬಹುದು.

ತೆಗೆಯುವ ವಿಧಾನ: ಕರ್ಸರನ್ನು ಬ್ರೇಕ್‌ನ ನಂತರದ ಅಧ್ಯಾಯದೊಳಗೆ, ಅಂದರೆ 43ನೇ ಪುಟದಲ್ಲಿ ಇಡಿ. ಪೇಜ್ ಸೆಟಪ್ ತೆರೆದು ಲೇಔಟ್ ಟ್ಯಾಬ್‌ಗೆ ಹೋಗಿ. ಮೇಲೆಯೇ ‘ಸೆಕ್ಷನ್ ಸ್ಟಾರ್ಟ್’ ಇದೆ. ‘ಆಡ್ ಪೇಜ್’ ಇದ್ದಲ್ಲಿ ‘ನ್ಯೂ ಪೇಜ್’ ಆರಿಸಿ. ಕೆಳಗೆ ‘ಅಪ್ಲೈ ಟು’ ಎದುರು ‘ದಿಸ್ ಸೆಕ್ಷನ್’ ಇರಲಿ. ಕರ್ಸರನ್ನು 41ರಲ್ಲಿಟ್ಟು ಮಾಡಿದರೆ ಬದಲಾಗುವುದು ಹಿಂದಿನ ಅಧ್ಯಾಯದ ಆರಂಭ, ಈ ಜಾಗ ಹಾಗೇ ಉಳಿಯುತ್ತದೆ.

ಕೀಲಿಮಣೆ

ಇದಕ್ಕೆ ಒಂದು ಎಚ್ಚರ ಸೇರಿಸುತ್ತೇನೆ. ಕೆಲಸ ಬೇಗ ಮುಗಿಯಲಿ ಎಂದು ಕಂಟ್ರೋಲ್ + ಎ ಒತ್ತಿ ಇಡೀ ಡಾಕ್ಯುಮೆಂಟ್‌ಗೆ ನ್ಯೂ ಪೇಜ್ ಹಾಕಬೇಡಿ. ಎರಡು ಕಾಲಂ ಮಾಡಲು ಹಾಕಿದ ಕಂಟಿನ್ಯೂಯಸ್ ಬ್ರೇಕ್‌ಗಳಿದ್ದರೆ ಅವೂ ಹೊಸ ಪುಟಕ್ಕೆ ಹೋಗಿ, ಒಂದು ಪುಟದಲ್ಲಿದ್ದದ್ದು ಮೂರಾಗುತ್ತದೆ. ಒಂದೊಂದೇ ಅಧ್ಯಾಯಕ್ಕೆ ಹೋಗಿ ನೋಡುವುದೇ ಸರಿ.

ಬರಹಪೆಟ್ಟಿಗೆ

ಪಿಡಿಎಫ್ ಮಾತ್ರ, ಅಚ್ಚು ಇಲ್ಲ. ಆದರೆ 17ನೇ ಪುಟ ತೆಗೆದ ಮೇಲೆ ನೋಡಿದರೆ 41ರ ಬಳಿಕ ಇದ್ದ ಬಿಳಿ ಪುಟ ತಾನಾಗಿಯೇ ಹೋಗಿದೆ! ಈಗ 40ರ ಬಳಿಕ 41 ಬರುತ್ತದೆ. ಮುಂದಿನದು ಮಾತ್ರ ಉಳಿದಿದೆ. 49ರ ಬಳಿಕ 51.

ಅಚ್ಚುಮೊಳೆ

ಹೋಗಿಲ್ಲ, ಮಲಗಿದೆ. ಒಂದು ಪುಟ ಕಡಿಮೆಯಾದ್ದರಿಂದ ಹಿಂದಿನ ಅಧ್ಯಾಯ ಈಗ 40ರಲ್ಲಿ ಮುಗಿಯುತ್ತದೆ. 41 ಹೇಗೂ ಬೆಸ, ಬಿಳಿ ಪುಟದ ಅಗತ್ಯ ಬೀಳಲಿಲ್ಲ. ನಾಳೆ ಯಾರಾದರೂ ಮೊದಲ ಅಧ್ಯಾಯಕ್ಕೆ ಅರ್ಧ ಪುಟ ಸೇರಿಸಿದರೆ ಅದು ಮತ್ತೆ ಏಳುತ್ತದೆ. ಹಾಗಾಗಿ ಖಾಲಿ ಪುಟ ಕಾಣುವ ಕಡೆ ಮಾತ್ರವಲ್ಲ, ಪ್ರತಿ ಅಧ್ಯಾಯದ ಸೆಕ್ಷನ್ ಸ್ಟಾರ್ಟ್ ಏನಿದೆ ಎಂದೂ ನೋಡಬೇಕು. ಅದನ್ನು ಎಲ್ಲಕ್ಕಿಂತ ಕೊನೆಗೆ ಮಾಡಿ, ಅಧ್ಯಾಯ ತೆಗೆದಾಗ ಸಮ-ಬೆಸ ಇನ್ನೊಮ್ಮೆ ಬದಲಾಗಬಹುದು.

ಅಂಚುಗೆರೆ

ಟೇಬಲ್ ನಂತರದ ಕೊನೆಯ ಪುಟಕ್ಕೆ ಬರುತ್ತೇನೆ. ಟೇಬಲ್ ಆದಮೇಲೆ ಒಂದು ¶ ಇರಲೇಬೇಕು ಎಂಬುದು ವರ್ಡ್‌ನ ನಿಯಮ, ಡಾಕ್ಯುಮೆಂಟ್ ಟೇಬಲ್‌ನಲ್ಲೇ ಮುಗಿಯುವಂತಿಲ್ಲ. ಅದಕ್ಕೇ ಅಲ್ಲಿ ಡಿಲೀಟ್ ಕೆಲಸ ಮಾಡುವುದಿಲ್ಲ. ಟೇಬಲ್ ಪುಟದ ತಳಮುಟ್ಟಿದರೆ ಆ ಒಂಟಿ ¶ ಜಾಗ ಸಾಲದೆ ಮುಂದಿನ ಪುಟಕ್ಕೆ ಬೀಳುತ್ತದೆ. ತೆಗೆಯಲು ಬಾರದಿದ್ದರೂ ಕುಗ್ಗಿಸಲು ಬರುತ್ತದೆ.

ಆ ¶ ಮಾತ್ರ ಆರಿಸಿ. ಫಾಂಟ್ ಸೈಜ್ ಪೆಟ್ಟಿಗೆಯಲ್ಲಿ 1 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಪಟ್ಟಿಯಲ್ಲಿ 8ಕ್ಕಿಂತ ಕಡಿಮೆ ಕಾಣದಿದ್ದರೂ ಟೈಪ್ ಮಾಡಿದರೆ ತೆಗೆದುಕೊಳ್ಳುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಬಹಳ ಸಲ ಪುಟ ಹೋಗುವುದಿಲ್ಲ. ಕಾರಣ ಪ್ಯಾರಾದ ಕೆಳಗಿನ ಅಂತರ. ಹೊಸ ವರ್ಡ್‌ನಲ್ಲಿ ಏನೂ ಬದಲಿಸದಿದ್ದರೆ ಪ್ರತಿ ಪ್ಯಾರಾದ ನಂತರ 8 ಪಾಯಿಂಟ್ ಇರುತ್ತದೆ. ಪ್ಯಾರಾಗ್ರಾಫ್ ಡಯಲಾಗ್ ತೆರೆದು ಬಿಫೋರ್, ಆಫ್ಟರ್ ಎರಡನ್ನೂ 0 ಮಾಡಿ. ಲೈನ್ ಸ್ಪೇಸಿಂಗ್ ‘ಎಕ್ಸಾಕ್ಟ್ಲಿ’ ಆರಿಸಿ 1 ಪಾಯಿಂಟ್ ಕೊಡಿ.

ಆಮೇಲೂ ಹೋಗದಿದ್ದರೆ ಟೇಬಲ್ ಪುಟದ ಕೊನೆಯ ಕೂದಲೆಳೆಯವರೆಗೂ ಇಳಿದಿದೆ ಎಂದರ್ಥ. ಕೆಳಗಿನ ಮಾರ್ಜಿನ್ 2.54 ಸೆಂ.ಮೀ. ಇದ್ದದ್ದನ್ನು 2.3 ಮಾಡಿದರೆ ಸಾಕಾಗುತ್ತದೆ.

ಹಾಳೆಬಂಧು

ಮಾರ್ಜಿನ್ ಮುಟ್ಟುವುದಕ್ಕಿಂತ ಟೇಬಲ್‌ನೊಳಗೆ ನೋಡುವುದು ಮೇಲು. ಮಾರ್ಜಿನ್ ಬದಲಿಸಿದರೆ ಆ ಸೆಕ್ಷನ್‌ನ ಪುಟಗಳೆಲ್ಲ ಮತ್ತೆ ಹರಿದುಕೊಳ್ಳುತ್ತವೆ, ಇನ್ನೆಲ್ಲೋ ತಲೆಬರಹ ಪುಟದ ತಳಕ್ಕೆ ಬಂದು ಕೂರಬಹುದು. ಟೇಬಲ್‌ನ ಕೋಶಗಳಲ್ಲೂ ಅದೇ 8 ಪಾಯಿಂಟ್ ಅಂತರ ಇರಬಹುದು, ಸಾಲಿನ ಎತ್ತರ ಕೈಯಿಂದ ಹೆಚ್ಚಿಸಿರಬಹುದು, ಕೋಶದೊಳಗೆ ಬರಹದ ಬಳಿಕ ಖಾಲಿ ¶ ಉಳಿದಿರಬಹುದು. 20 ಸಾಲಿನ ಟೇಬಲ್‌ನಲ್ಲಿ ಸಾಲಿಗೆ 2 ಪಾಯಿಂಟ್ ಇಳಿಸಿದರೆ 40 ಪಾಯಿಂಟ್, ಅಂದರೆ ಸುಮಾರು 1.4 ಸೆಂ.ಮೀ. ಉಳಿಯುತ್ತದೆ.

ಅಂಚುಗೆರೆ

ಒಪ್ಪುತ್ತೇನೆ, ಮೊದಲು ಟೇಬಲ್, ಆಮೇಲೆ ಮಾರ್ಜಿನ್.

ಇದರ ಜೊತೆಗೆ ‘ಶ್ರಿಂಕ್ ಒನ್ ಪೇಜ್’ ಎಂಬ ಆಜ್ಞೆಯನ್ನು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಅದು ರಿಬ್ಬನ್‌ನಲ್ಲಿ ಇಲ್ಲ, ಕ್ವಿಕ್ ಆಕ್ಸೆಸ್ ಪಟ್ಟಿಗೆ ಸೇರಿಸಿಕೊಳ್ಳಬೇಕು. ಒಂದು ಪುಟ ಕಡಿಮೆಯಾಗುವಂತೆ ಇಡೀ ಡಾಕ್ಯುಮೆಂಟ್‌ನ ಅಕ್ಷರ ಚಿಕ್ಕದು ಮಾಡುತ್ತದೆ. ಎರಡು ಪುಟದ ಪತ್ರದಲ್ಲಿ ಎರಡು ಸಾಲು ಉಳಿದುಹೋದಾಗ ಅನುಕೂಲವೇ. ಅಕ್ಷರದ ಅಳತೆ ನಿಗದಿಯಾಗಿರುವ ವರದಿ, ಪ್ರಬಂಧಗಳಲ್ಲಿ ಬಳಸಬಾರದು. ಸೇವ್ ಮಾಡಿ ಮುಚ್ಚಿದ ಮೇಲೆ ಹಳೆಯ ಅಳತೆಗೆ ಒಂದೇ ಒತ್ತಿನಲ್ಲಿ ಮರಳುವ ದಾರಿ ಇಲ್ಲ.

ಕೀಲಿಮಣೆ

ಬೇಡದ ಅಧ್ಯಾಯ ತೆಗೆಯುವುದು. ಮೊದಲು ಫೈಲಿನ ನಕಲು ಇಟ್ಟುಕೊಳ್ಳಿ.

ಒಂದೇ ಪುಟ ತೆಗೆಯುವುದಾದರೆ ಸುಲಭ ಉಪಾಯವಿದೆ: ಕಂಟ್ರೋಲ್ + ಜಿ ಒತ್ತಿ ಪುಟಸಂಖ್ಯೆ ಕೊಟ್ಟು ಎಂಟರ್, ಆಮೇಲೆ ಅದೇ ಪೆಟ್ಟಿಗೆಯಲ್ಲಿ ಹಿಂದಕ್ಕೆ ಬಾಗಿದ ಓರೆಗೆರೆ \ ಹಾಕಿ, ಅದಕ್ಕೆ ತಾಗಿ ಪೇಜ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್. ಕರ್ಸರ್ ಇರುವ ಪುಟದ ಬರಹ ಪೂರ್ತಿ ಆಯ್ಕೆಯಾಗುತ್ತದೆ. ಪೆಟ್ಟಿಗೆ ಮುಚ್ಚಿ ಡಿಲೀಟ್ ಒತ್ತಿ. ನಡುವೆ ಬರಹ ಇದ್ದರೆ ಮುಂದಿನ ಪುಟದ್ದು ಮೇಲಕ್ಕೆ ಹರಿದು ಬರುತ್ತದೆ, ಅದು ಸಹಜ.

ನಿಮ್ಮದು ಆರು ಪುಟ. ಗುರುತುಗಳು ಕಾಣುವಂತಿಟ್ಟು, ಅಧ್ಯಾಯದ ತಲೆಬರಹದ ಮೊದಲ ಅಕ್ಷರದ ಮುಂದೆ ಕ್ಲಿಕ್ ಮಾಡಿ. ಮೌಸ್ ಎಳೆಯಬೇಡಿ, ಕೈತಪ್ಪುತ್ತದೆ. ಸ್ಕ್ರೋಲ್ ಬಾರ್‌ನಿಂದ ಅಧ್ಯಾಯದ ಕೊನೆಗೆ ಹೋಗಿ, ಶಿಫ್ಟ್ ಹಿಡಿದು ಅದರ ಕೊನೆಯ ಸೆಕ್ಷನ್ ಬ್ರೇಕ್ ದಾಟಿದ ಮೇಲೆ, ಮುಂದಿನ ಅಧ್ಯಾಯದ ಮೊದಲ ಅಕ್ಷರದ ಮುಂದೆ ಕ್ಲಿಕ್ ಮಾಡಿ. ಈಗ ಡಿಲೀಟ್.

ಆ ಕೊನೆಯ ಬ್ರೇಕ್ ಆಯ್ಕೆಯೊಳಗೆ ಬರುವುದು ಮುಖ್ಯ. ಅದು ಈ ಅಧ್ಯಾಯದ ಗುಣ ಹೊತ್ತ ಬ್ರೇಕ್. ಅಧ್ಯಾಯದ ಜೊತೆಗೇ ಹೋದರೆ ಹಿಂದಿನದಕ್ಕೂ ಮುಂದಿನದಕ್ಕೂ ತಮ್ಮ ತಮ್ಮ ಬ್ರೇಕ್ ಉಳಿಯುತ್ತದೆ. ಅದನ್ನು ಬಿಟ್ಟು ಬರಹ ಮಾತ್ರ ಅಳಿಸಿದರೆ ಏನೂ ಇಲ್ಲದ ಒಂದು ಸೆಕ್ಷನ್ ಉಳಿದು, ಹೊಸದೊಂದು ಖಾಲಿ ಪುಟ ಹುಟ್ಟುತ್ತದೆ. ಎರಡು ಬ್ರೇಕ್ ತೆಗೆದರೂ ತೊಂದರೆಯೇ. ಹಿಂದಿನ ಅಧ್ಯಾಯ ಮುಂದಿನದಕ್ಕೆ ಅಂಟಿಕೊಳ್ಳುತ್ತದೆ.

ತಲೆಬರಹಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟಿದ್ದರೆ ನ್ಯಾವಿಗೇಶನ್ ಪೇನ್‌ನ ಹೆಡಿಂಗ್ಸ್ ಟ್ಯಾಬ್‌ನಲ್ಲಿ ಆ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ ಡಿಲೀಟ್ ಕೊಡಬಹುದು. ಅದರಡಿಯ ಉಪತಲೆಬರಹ, ಬರಹ ಎಲ್ಲ ಒಟ್ಟಿಗೆ ಹೋಗುತ್ತವೆ.

ಅಳಿಸಿದ ಮೇಲೆ ಕಂಟ್ರೋಲ್ + ಎ, ಎಫ್9. ಪರಿವಿಡಿ ಹೊಸದಾಗುತ್ತದೆ, ಕೇಳಿದರೆ ‘ಅಪ್‌ಡೇಟ್ ಎಂಟೈರ್ ಟೇಬಲ್’ ಆರಿಸಿ, ಪುಟಸಂಖ್ಯೆ ಮಾತ್ರ ಆರಿಸಿದರೆ ತೆಗೆದ ಅಧ್ಯಾಯದ ಹೆಸರು ಪರಿವಿಡಿಯಲ್ಲೇ ಉಳಿಯುತ್ತದೆ. ಬೇರೆ ಅಧ್ಯಾಯಗಳಿಂದ ಇದಕ್ಕೆ ಕೊಟ್ಟ ಕ್ರಾಸ್ ರೆಫರೆನ್ಸ್‌ಗಳಿದ್ದರೆ ಅಲ್ಲೆಲ್ಲ ‘ಎರರ್’ ಎಂದು ದಪ್ಪಕ್ಷರದಲ್ಲಿ ಬರುತ್ತದೆ. ‘ಎರರ್!’ ಎಂದು ಫೈಂಡ್‌ನಲ್ಲಿ ಹುಡುಕಿ ಒಂದೊಂದನ್ನೇ ತಿದ್ದಿ. ಮುಂದಿನ ಅಧ್ಯಾಯದ ಹೆಡರ್ ಒಮ್ಮೆ ನೋಡಿ. ಅದು ಲಿಂಕ್ ಟು ಪ್ರೀವಿಯಸ್ ಮೇಲೆ ನಿಂತಿದ್ದರೆ ಈಗ ಹಿಂದಿನದು ಬೇರೆಯಾಗಿದೆ.

ಪುಟತಿರುವು

ಬೇರೆಯವರ ಅನುಕೂಲಕ್ಕೆ ಒಂದು ಪ್ರಶ್ನೆ. ಯಾವ ಬ್ರೇಕೂ ಕಾಣುವುದಿಲ್ಲ, ಖಾಲಿ ¶ ಕೂಡ ಇಲ್ಲ, ಆದರೂ ಮುಕ್ಕಾಲು ಪುಟ ಖಾಲಿ ಬಿಟ್ಟು ಬರಹ ಮುಂದಿನ ಪುಟಕ್ಕೆ ಹಾರುತ್ತದೆ. ಅದು ಯಾವುದರಿಂದ?

ಹಾಳೆಬಂಧು

ಪ್ಯಾರಾದೊಳಗೆ ಅಡಗಿದ ಗುಣದಿಂದ. ಗುರುತುಗಳು ಕಾಣುವಾಗ ಪ್ಯಾರಾದ ಎಡ ಅಂಚಿನಲ್ಲಿ ಪುಟ್ಟ ಕಪ್ಪು ಚೌಕ ಇದೆಯೇ ನೋಡಿ. ಇದ್ದರೆ ಪ್ಯಾರಾಗ್ರಾಫ್ ಡಯಲಾಗ್‌ನ ‘ಲೈನ್ ಅಂಡ್ ಪೇಜ್ ಬ್ರೇಕ್ಸ್’ ಟ್ಯಾಬ್ ತೆರೆಯಿರಿ. ‘ಪೇಜ್ ಬ್ರೇಕ್ ಬಿಫೋರ್’ ಟಿಕ್ ಆಗಿದ್ದರೆ ಆ ಪ್ಯಾರಾ ಯಾವಾಗಲೂ ಹೊಸ ಪುಟಕ್ಕೆ ಹೋಗುತ್ತದೆ. ‘ಕೀಪ್ ವಿತ್ ನೆಕ್ಸ್ಟ್’ ಇದ್ದರೆ ಮುಂದಿನ ಪ್ಯಾರಾದ ಕೈಬಿಡದೆ ಅದರ ಜೊತೆಗೇ ಹೋಗುತ್ತದೆ. ತಲೆಬರಹಕ್ಕೆ ಇದು ಸರಿ. ಬರಹಕ್ಕೆಲ್ಲ ಹೆಡಿಂಗ್ ಸ್ಟೈಲ್ ಕೊಟ್ಟುಬಿಟ್ಟಿದ್ದರೆ ಹತ್ತು ಪ್ಯಾರಾಗಳು ಸರಪಳಿಯಂತೆ ಒಟ್ಟಿಗೆ ಹಾರುತ್ತವೆ. ಟೇಬಲ್‌ನ ಎಲ್ಲ ಸಾಲಿಗೂ ಅದಿದ್ದರೆ ಇಡೀ ಟೇಬಲ್ ಮುಂದಿನ ಪುಟಕ್ಕೆ.

ಪ್ರತಿ ಅಧ್ಯಾಯದಲ್ಲೂ ಹಾಗಾದರೆ ಗುಣ ಸ್ಟೈಲ್‌ನಲ್ಲಿದೆ. ಹೆಡಿಂಗ್ 1ರ ಮೇಲೆ ಬಲ ಕ್ಲಿಕ್, ಮಾಡಿಫೈ, ಫಾರ್ಮ್ಯಾಟ್, ಪ್ಯಾರಾಗ್ರಾಫ್. ಅಲ್ಲಿ ಒಮ್ಮೆ ಟಿಕ್ ತೆಗೆದರೆ ಎಲ್ಲ ಕಡೆ ಸರಿಹೋಗುತ್ತದೆ.

ಇದನ್ನು ಹೇಳುವಾಗ ಇನ್ನೊಂದೂ ಹೇಳಬೇಕು. ಅಧ್ಯಾಯ ಹೊಸ ಪುಟದಲ್ಲಿ ಶುರುವಾಗಲು ಕೈಯಿಂದ ಹಾಕುವ ಪೇಜ್ ಬ್ರೇಕ್‌ಗಿಂತ ಸ್ಟೈಲ್‌ನ ಪೇಜ್ ಬ್ರೇಕ್ ಬಿಫೋರ್ ಎಷ್ಟೋ ಭದ್ರ. ಕೈಯಿಂದ ಹಾಕಿದ ಬ್ರೇಕ್ ತಾನೇ ಒಂದು ಸಾಲಿನ ಜಾಗ ಹಿಡಿಯುತ್ತದೆ. ಹಿಂದಿನ ಬರಹ ಪುಟದ ಕೊನೆಯ ಸಾಲಿನವರೆಗೂ ತುಂಬಿದರೆ ಆ ಬ್ರೇಕ್ ಒಂಟಿಯಾಗಿ ಮುಂದಿನ ಪುಟಕ್ಕೆ ಬಿದ್ದು, ಅಲ್ಲಿಂದ ಮತ್ತೊಂದು ಪುಟ ತೆರೆಯುತ್ತದೆ. ನಿನ್ನೆ ಸರಿಯಿದ್ದ ಫೈಲಿನಲ್ಲಿ ಎರಡು ಪದ ಸೇರಿಸಿದ್ದಕ್ಕೆ ಖಾಲಿ ಪುಟ ಬರುವುದು ಹೀಗೆ.

ಅಂಚುಗೆರೆ

ಬ್ರೇಕ್ ಕಾಣದೆಯೂ ಪುಟ ಹೆಚ್ಚಾಗುವ ಕಾರಣಗಳು ಇನ್ನೂ ಇವೆ. ಟ್ರ್ಯಾಕ್ ಚೇಂಜಸ್ ಆನ್ ಇದ್ದಾಗ ಅಳಿಸಿದ್ದು ನಿಜವಾಗಿ ಹೋಗುವುದಿಲ್ಲ. ಆಲ್ ಮಾರ್ಕಪ್ ನೋಟದಲ್ಲಿ ಗೀಟು ಹೊತ್ತು ಜಾಗ ಹಿಡಿದೇ ಇರುತ್ತದೆ. ರಿವ್ಯೂ ಟ್ಯಾಬ್‌ನಲ್ಲಿ ‘ನೋ ಮಾರ್ಕಪ್’ ಆರಿಸಿ ನೋಡಿ. ಅಲ್ಲಿ ಪುಟ ಇಲ್ಲದಿದ್ದರೆ ಆ ಬದಲಾವಣೆಗಳನ್ನು ಆಕ್ಸೆಪ್ಟ್ ಮಾಡಿದಾಗ ಹೋಗುತ್ತದೆ.

ಖಾಲಿ ಎಂದುಕೊಂಡ ಪುಟದಲ್ಲಿ ಬಿಳಿ ಬಣ್ಣದ ಚೌಕವೋ ಬರಹವಿಲ್ಲದ ಟೆಕ್ಸ್ಟ್ ಬಾಕ್ಸೋ ಇರಬಹುದು. ಆಲ್ಟ್ + ಎಫ್10 ಒತ್ತಿದರೆ ಸೆಲೆಕ್ಷನ್ ಪೇನ್ ತೆರೆದು ಅವುಗಳ ಹೆಸರು ತೋರಿಸುತ್ತದೆ. ಇದರ ಇನ್ನೊಂದು ಮುಖವೂ ಇದೆ: ತೇಲುವ ಚಿತ್ರ ಯಾವುದಾದರೂ ಪ್ಯಾರಾಕ್ಕೆ ಲಂಗರು ಹಾಕಿಕೊಂಡಿರುತ್ತದೆ, ಖಾಲಿ ¶ ಎಂದು ಅದನ್ನು ಅಳಿಸಿದರೆ ಚಿತ್ರವೂ ಹೋಗುತ್ತದೆ. ಅಳಿಸುವ ಮೊದಲು ಪಕ್ಕದಲ್ಲಿ ಲಂಗರಿನ ಗುರುತು ಇದೆಯೇ ನೋಡಿ, ಇದ್ದರೆ ಎಳೆದು ಬೇರೆ ಪ್ಯಾರಾಕ್ಕೆ ಸೇರಿಸಿ.

ಅಚ್ಚುಮೊಳೆ

ಕಾಗದವೂ ಒಂದು ಕಾರಣ. ಎ4 ಎಂದರೆ 210 × 297 ಮಿ.ಮೀ., ಲೆಟರ್ ಎಂದರೆ 215.9 × 279.4 ಮಿ.ಮೀ. ಎ4ರಲ್ಲಿ ಅಂಚುಗಟ್ಟಿ ಕೂಡಿಸಿದ್ದನ್ನು ಲೆಟರ್‌ಗೆ ಬದಲಿಸಿದರೆ ಪ್ರತಿ ಪುಟದಲ್ಲೂ 17.6 ಮಿ.ಮೀ. ಎತ್ತರ ಕಳೆದುಹೋಗುತ್ತದೆ. ಹತ್ತು ಪುಟದ ಫೈಲು ಹನ್ನೊಂದಾಗಲು ಅಷ್ಟು ಸಾಕು. ಹೆಡರ್‌ನೊಳಗೆ ಎಂಟರ್ ಒತ್ತಿ ಬಿಟ್ಟ ಖಾಲಿ ಸಾಲುಗಳೂ ಹಾಗೆಯೇ ಬರಹವನ್ನು ಕೆಳಕ್ಕೆ ಒತ್ತುತ್ತವೆ, ಪ್ರತಿ ಪುಟದಲ್ಲೂ.

ಕನ್ನಡ ಬರಹಕ್ಕೆ ಫಾಂಟ್ ವಿಷಯ ಬೇರೆ ಹೇಳಬೇಕು. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾದ್ದರಿಂದ ಸಾಲಿನ ಎತ್ತರ ಫಾಂಟಿನಿಂದ ಫಾಂಟಿಗೆ ಬಹಳ ಬದಲಾಗುತ್ತದೆ. ತುಂಗಾದಲ್ಲಿ ಕೂಡಿಸಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬೇರೊಂದು ಅದರ ಜಾಗಕ್ಕೆ ಬಂದು, ಪುಟಗಳ ಎಣಿಕೆಯೇ ಬದಲಾಗುತ್ತದೆ. ಫೈಲ್, ಆಪ್ಶನ್ಸ್, ಸೇವ್‌ನಲ್ಲಿ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ ಟಿಕ್ ಮಾಡಿ ಕಳಿಸಿ, ಅಥವಾ ಪಿಡಿಎಫ್ ಕಳಿಸಿ. ಪುಟ ಉಳಿಸಲು ಕನ್ನಡ ಬರಹಕ್ಕೆ ಎಕ್ಸಾಕ್ಟ್ಲಿ ಅಂತರ ಬಿಗಿಯಾಗಿ ಕೊಡುವುದು ಬೇಡ. ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. 1 ಪಾಯಿಂಟ್ ಉಪಾಯ ಆ ಖಾಲಿ ¶ಗೆ ಮಾತ್ರ.

ಪುಟತಿರುವು

ಖಾಲಿ ¶ಗಳು ನೂರಾರು ಇದ್ದರೆ?

ಕೀಲಿಮಣೆ

ಕಂಟ್ರೋಲ್ + ಎಚ್ ಒತ್ತಿ, ಮೋರ್, ಸ್ಪೆಷಲ್. ಆ ಪಟ್ಟಿಯಿಂದ ‘ಪ್ಯಾರಾಗ್ರಾಫ್ ಮಾರ್ಕ್’ ಎರಡು ಸಲ ಆರಿಸಿದರೆ ಫೈಂಡ್ ಪೆಟ್ಟಿಗೆಯಲ್ಲಿ ಎರಡು ಕೂರುತ್ತವೆ. ರಿಪ್ಲೇಸ್‌ನಲ್ಲಿ ಒಂದೇ ಇರಲಿ. ರಿಪ್ಲೇಸ್ ಆಲ್ ಒತ್ತಿ, ಎಣಿಕೆ ಇಳಿಯುವುದು ನಿಲ್ಲುವವರೆಗೆ ಮತ್ತೆ ಮತ್ತೆ ಒತ್ತಿ. ಸೊನ್ನೆಗೆ ಬರದೆ ಒಂದೆರಡರಲ್ಲಿ ನಿಂತರೆ ಅವು ಟೇಬಲ್ ಪಕ್ಕದ ¶ಗಳು, ಬಿಟ್ಟುಬಿಡಿ. ಅಂತರಕ್ಕಾಗಿ ಎಂಟರ್ ಒತ್ತಿದ್ದ ಜಾಗಗಳೆಲ್ಲ ಒತ್ತಾಗುತ್ತವೆ, ಸ್ಟೈಲ್‌ನಲ್ಲಿ ಆಫ್ಟರ್ 6 ಅಥವಾ 8 ಕೊಟ್ಟು ಸರಿಪಡಿಸಿ.

ಪೇಜ್ ಬ್ರೇಕ್‌ಗಳನ್ನು ಒಟ್ಟಿಗೆ ತೆಗೆಯಲು ಅದೇ ಪಟ್ಟಿಯಲ್ಲಿ ‘ಮ್ಯಾನುಯಲ್ ಪೇಜ್ ಬ್ರೇಕ್’ ಆರಿಸಿ, ರಿಪ್ಲೇಸ್ ಖಾಲಿ ಬಿಡಿ. ‘ಯೂಸ್ ವೈಲ್ಡ್‌ಕಾರ್ಡ್ಸ್’ ಟಿಕ್ ಆಗಿರಬಾರದು. ಆಗಿದ್ದರೆ ಅದೇ ಗುರುತು ಸೆಕ್ಷನ್ ಬ್ರೇಕ್‌ಗಳನ್ನೂ ಹಿಡಿಯುತ್ತದೆ, ಹೆಡರ್, ಅಡ್ಡ ಪುಟ ಎಲ್ಲ ಒಂದೇ ಕ್ಷಣದಲ್ಲಿ ಕಲಸಿಹೋಗುತ್ತವೆ.

ತೆರೆದಪುಟ

ಲಿಬ್ರೆ ಆಫೀಸ್ ರೈಟರ್ ಬಳಸುವವರಿಗೆ: ಗುರುತುಗಳಿಗೆ ಕಂಟ್ರೋಲ್ + ಎಫ್10. ಇಲ್ಲಿ ಪೇಜ್ ಬ್ರೇಕ್ ಬೇರೆ ಅಕ್ಷರವಲ್ಲ, ಮುಂದಿನ ಪ್ಯಾರಾದ ಗುಣ. ಪುಟದ ತಲೆಯಲ್ಲಿ ನೀಲಿ ಚುಕ್ಕೆಗೆರೆ ಕಂಡರೆ ಅದರ ಮೇಲೆ ಮೌಸ್ ತಂದು, ಬರುವ ಬಾಣ ಒತ್ತಿ ‘ಡಿಲೀಟ್ ಪೇಜ್ ಬ್ರೇಕ್’ ಕೊಡಿ. ಟೇಬಲ್ ಮೇಲಿದ್ದರೆ ಟೇಬಲ್ ಪ್ರಾಪರ್ಟೀಸ್‌ನ ಟೆಕ್ಸ್ಟ್ ಫ್ಲೋ ಟ್ಯಾಬ್‌ನಲ್ಲಿ ಬ್ರೇಕ್ ಟಿಕ್ ತೆಗೆಯಿರಿ. ರೈಟರ್‌ನಲ್ಲಿ ಬೆಸ ಸಂಖ್ಯೆ ಎಂದೂ ಬಲ ಪುಟವೇ. ಪುಟಸಂಖ್ಯೆ ನಡುವೆ 1ರಿಂದ ಮತ್ತೆ ಶುರುಮಾಡಿದಾಗ ಬೆಸದ ಬೆನ್ನಿಗೆ ಬೆಸ ಬಂದರೆ ಅದು ತಾನೇ ಖಾಲಿ ಪುಟ ಸೇರಿಸುತ್ತದೆ. ಪಿಡಿಎಫ್ ಮಾಡುವಾಗ ಜನರಲ್ ಟ್ಯಾಬ್‌ನಲ್ಲಿ, ತಾನಾಗಿ ಸೇರಿದ ಖಾಲಿ ಪುಟಗಳನ್ನು ಎಕ್ಸ್‌ಪೋರ್ಟ್ ಮಾಡು ಎಂಬ ಟಿಕ್ ತೆಗೆದರೆ ಅವು ಬರುವುದಿಲ್ಲ.

ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಪಿ ಗುರುತು ತೋರಿಸುತ್ತದೆ. ಫಾರ್ಮ್ಯಾಟ್ ಮೆನುವಿನ ಲೈನ್ ಅಂಡ್ ಪ್ಯಾರಾಗ್ರಾಫ್ ಸ್ಪೇಸಿಂಗ್‌ನಲ್ಲಿ ‘ಆಡ್ ಪೇಜ್ ಬ್ರೇಕ್ ಬಿಫೋರ್’ (ಇಲ್ಲಿ ಆಡ್ ಎಂದರೆ Add, ಸೇರಿಸು) ಟಿಕ್ ಇದೆಯೇ ನೋಡಿ. ಟೇಬಲ್ ನಂತರದ ಸಾಲಿನ ಕಾಟ ಅಲ್ಲೂ ಇದೆ, ಮದ್ದೂ ಅದೇ.

ಬರಹಪೆಟ್ಟಿಗೆ

ಅಧ್ಯಾಯ ತೆಗೆದೆ, ಬ್ರೇಕ್ ಸಮೇತ. ಕೊನೆಯ ಟೇಬಲ್‌ನ ಕೋಶಗಳಲ್ಲಿ 8 ಪಾಯಿಂಟ್ ಇತ್ತು, 2 ಮಾಡಿದೆ, ¶ 1 ಪಾಯಿಂಟ್‌ಗೆ ಇಳಿಸಿದೆ. ಕೊನೆಯ ಪುಟ ಹೋಯಿತು. ‘ಎರರ್!’ ಮೂರು ಕಡೆ ಸಿಕ್ಕಿತು, ತಿದ್ದಿದೆ. 41ನೇ ಪುಟದ ಅಧ್ಯಾಯಕ್ಕೆ ನ್ಯೂ ಪೇಜ್ ಹಾಕಿದೆ. ಈಗ ಕೊನೆಯ ಪುಟದ ಸಂಖ್ಯೆ 75.

ಅಚ್ಚುಮೊಳೆ

74 ಬರಬೇಕಿತ್ತು. ಮೊದಲಿದ್ದ 84ರಲ್ಲಿ 42, 52 ತಾನಾಗಿ ಸೇರಿದ್ದವು. ಅವು ಕಳೆದರೆ 82. ಅದರಲ್ಲಿ 17ನೆಯದು, ಕೊನೆಯದು, ಅಧ್ಯಾಯದ ಆರು ಸೇರಿ ಎಂಟು ಹೋದರೆ 74. ಒಂದು ಬಿಳಿ ಪುಟ ಇನ್ನೂ ಉಳಿದಿದೆ. 49ನೇ ಪುಟದ ಮುಂದೆ ಏನಿದೆ ನೋಡಿ. ಬೇಡದ ಅಧ್ಯಾಯ ಹೋದಮೇಲೆ ಅದರ ಮುಂದಿನದು ಈಗ 49ರ ಬೆನ್ನಿಗೆ ಬಂದಿದೆ. ಅದೂ ಆಡ್ ಪೇಜ್ ಆಗಿದ್ದರೆ 50ನ್ನು ಬಿಟ್ಟು 51ಕ್ಕೆ ಹೋಗುತ್ತದೆ.

ಬರಹಪೆಟ್ಟಿಗೆ

ಹೌದು, 49 ಆದಮೇಲೆ 51 ಇತ್ತು. ಆ ಅಧ್ಯಾಯದೊಳಗೆ ಕರ್ಸರ್ ಇಟ್ಟು ನ್ಯೂ ಪೇಜ್ ಮಾಡಿದೆ. ಉಳಿದ ಅಧ್ಯಾಯಗಳನ್ನೂ ಒಂದೊಂದಾಗಿ ನೋಡಿದೆ, ಇನ್ನೆರಡು ಆಡ್ ಪೇಜ್ ಇದ್ದವು, ಅವನ್ನೂ ಬದಲಿಸಿ ಪರಿವಿಡಿಗೆ ಮತ್ತೆ ಎಫ್9 ಒತ್ತಿದೆ. ಕೊನೆಯ ಪುಟ 74, ಪಿಡಿಎಫ್‌ನಲ್ಲೂ 74.